ಮೊಣಕೈ ಆಪರೇಷನ್ ಮಾಡಿಸಿದರೆ ಎಸೆತದ ವೇಗ ಹೆಚ್ಚುತ್ತದೆಯೇ? ಡಾಕ್ಟರ್ ಫ್ರಾಂಕ್ ಜೋಬ್ ಅವರ ಬದುಕು ಹೇಳುವ ಉತ್ತರ

ಟೆನಿಸ್ ಬಾಲ್ ಟೂರ್ನಮೆಂಟ್ ಶುರುವಾಗುವ ಹೊತ್ತಿಗೆ ಕಲ್ಲೂರಿನ ನಮ್ಮ ಹುಡುಗರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ನಿಮ್ಮ ಗ್ರೂಪಿಗೂ ಬಂದಿರಬಹುದು. ಅಮೆರಿಕದ ಆಟಗಾರರು ಮೊಣಕೈಗೆ ಒಂದು ಆಪರೇಷನ್ ಮಾಡಿಸಿಕೊಳ್ಳುತ್ತಾರಂತೆ. ಅದಾದ ಮೇಲೆ ಅವರ ಎಸೆತ ಮೊದಲಿಗಿಂತ ಜೋರಾಗುತ್ತದಂತೆ. ಹಾಗಾಗಿ ಕೆಲವರು ನೋವಿಲ್ಲದಿದ್ದರೂ ಬೇಕೆಂದೇ ಕೈ ಕೊಯ್ಯಿಸಿಕೊಳ್ಳುತ್ತಾರಂತೆ. ಕೊನೆಗೆ ಎಂದಿನಂತೆ ಹತ್ತು ಜನಕ್ಕೆ ಕಳಿಸಿ ಎಂಬ ಸಾಲು.

ಗ್ರೂಪಿನಲ್ಲಿ ನಗು, ಬೆರಗು, ಕೈಮುಗಿಯುವ ಎಮೋಜಿಗಳ ಮಧ್ಯೆ ಒಬ್ಬ ಹುಡುಗ ಮಾತ್ರ ಗಂಭೀರವಾಗಿ ಕೇಳಿದ್ದ: ಈ ಆಪರೇಷನ್ನಿಗೆ ಖರ್ಚೆಷ್ಟು? ಎರಡು ತಿಂಗಳಿಂದ ಬೌಂಡರಿಯಿಂದ ಚೆಂಡೆಸೆದಾಗೆಲ್ಲ ಅವನಿಗೆ ಮೊಣಕೈ ಒಳಮಗ್ಗುಲು ನೋಯುತ್ತಿತ್ತು. ಎಣ್ಣೆ ಹಚ್ಚಿ, ಪಟ್ಟಿ ಸುತ್ತಿಕೊಂಡು ಆಡುತ್ತಲೇ ಇದ್ದ. ಈ ಲೇಖನ ಮುಖ್ಯವಾಗಿ ಅವನಂಥವರಿಗಾಗಿ.

ಫಾರ್ವರ್ಡಿನಲ್ಲಿ ಒಂದು ಮಾತು ನಿಜ. ಅಂಥ ಆಪರೇಷನ್ ಇದೆ. ಅದಕ್ಕೆ ಟಾಮಿ ಜಾನ್ ಸರ್ಜರಿ ಎಂದು ಹೆಸರು. ಟಾಮಿ ಜಾನ್ ಡಾಕ್ಟರ್ ಅಲ್ಲ, ಮೊದಲ ರೋಗಿ. ಆಪರೇಷನ್ ಮಾಡಿದವರು ಫ್ರಾಂಕ್ ಜೋಬ್. ಅವರು ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಅವರು ಏನು ಮಾಡಿದರು, ಅದಕ್ಕಿಂತ ಹೆಚ್ಚಾಗಿ ಎಷ್ಟು ದಿನ ಕಾದರು ಎಂದು ತಿಳಿದರೆ, ಫಾರ್ವರ್ಡಿನ ಉಳಿದ ಮಾತು ಸುಳ್ಳು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಯುದ್ಧದಲ್ಲಿ ಔಷಧಿ ಹೊತ್ತ ಹುಡುಗ

ಫ್ರಾಂಕ್ ಜೋಬ್ ಹುಟ್ಟಿದ್ದು 1925ರ ಜುಲೈ 16ರಂದು, ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಗ್ರೀನ್ಸ್‌ಬರೋದಲ್ಲಿ. ಹೈಸ್ಕೂಲು ಮುಗಿದದ್ದೇ ಸೈನ್ಯ ಸೇರಿದರು. ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಅವರನ್ನು 101ನೇ ಏರ್‌ಬೋರ್ನ್ ಡಿವಿಷನ್ನಿಗೆ ಹಾಕಿದರು. ಕೆಲಸ ಬಂದೂಕು ಹಿಡಿಯುವುದಲ್ಲ. ಗಾಯಾಳುಗಳಿಗೆ ಬೇಕಾದ ಔಷಧಿ, ಬ್ಯಾಂಡೇಜು, ಸಲಕರಣೆಗಳನ್ನು ಪೂರೈಸುವುದು.

1944ರ ಡಿಸೆಂಬರಿನ ಚಳಿಯಲ್ಲಿ ಬೆಲ್ಜಿಯಂನ ಬಾಸ್ಟೋನ್ ಎಂಬ ಊರಿನಲ್ಲಿ ಆ ಡಿವಿಷನ್ನನ್ನು ಜರ್ಮನ್ ಸೈನ್ಯ ಸುತ್ತುವರಿಯಿತು. ಜೋಬ್ ಸ್ವಲ್ಪ ಹೊತ್ತು ಸೆರೆಯನ್ನೂ ಸಿಕ್ಕಿ ತಪ್ಪಿಸಿಕೊಂಡು ಬಂದರು. ಸುತ್ತ ಗುಂಡು ಬೀಳುತ್ತಿರುವಾಗ ಡೇರೆಯೊಳಗೆ ಸರ್ಜನ್ನರು ಕೈ ನಡುಗದಂತೆ ಆಪರೇಷನ್ ಮಾಡುವುದನ್ನು ಅವರು ಹತ್ತಿರದಿಂದ ಕಂಡರು. ಯುದ್ಧ ಮುಗಿದ ಮೇಲೆ ಏನಾಗಬೇಕು ಎಂಬುದು ಅಲ್ಲಿಯೇ ತೀರ್ಮಾನವಾಯಿತು.

ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ವೈದ್ಯಕೀಯ ಓದಿದರು. ಕೆಲವು ವರ್ಷ ಸಾಮಾನ್ಯ ಡಾಕ್ಟರಾಗಿ ಜ್ವರ, ಕೆಮ್ಮು ನೋಡಿದರು. ಆಮೇಲೆ ಮತ್ತೆ ವಿದ್ಯಾರ್ಥಿಯಾಗಿ ಮೂಳೆ ಶಸ್ತ್ರಚಿಕಿತ್ಸೆ ಕಲಿತರು. 1965ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಬರ್ಟ್ ಕೆರ್ಲನ್ ಎಂಬ ಹಿರಿಯ ಡಾಕ್ಟರ ಜೊತೆ ಕ್ಲಿನಿಕ್ ತೆರೆದರು. ಕೆರ್ಲನ್ ಅವರು ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡದ ವೈದ್ಯರು. ಅವರಿಗೇ ಕೀಲುವಾತ ಜೋರಾಗಿತ್ತು. ಹಾಗಾಗಿ ಆಪರೇಷನ್ ಟೇಬಲ್ಲಿನ ಕೆಲಸ ದಿನೇ ದಿನೇ ಜೋಬ್ ಅವರ ಪಾಲಿಗೆ ಬಂತು. ಹೆಚ್ಚು ಮಾತಿನವರಲ್ಲ, ಮೆತ್ತಗಿನ ದನಿಯವರು ಎಂದೇ ಜೋಬ್ ಅವರನ್ನು ಬಲ್ಲವರು ನೆನೆಯುತ್ತಾರೆ.

ಮೊಣಕೈಯಲ್ಲಿ ಹರಿಯುವುದು ಏನು?

ಕಥೆ ಮುಂದುವರಿಸುವ ಮೊದಲು ನಿಮ್ಮ ಮೊಣಕೈ ಒಮ್ಮೆ ಮುಟ್ಟಿ ನೋಡಿ. ಒಳಮಗ್ಗುಲಲ್ಲಿ, ಮೈಗೆ ತಾಗುವ ಕಡೆ, ಒಂದು ಗಟ್ಟಿ ಗುಬುಟು ಸಿಗುತ್ತದೆ. ಅದು ತೋಳಿನ ಎಲುಬಿನ ತುದಿ. ಅಲ್ಲಿಂದ ಮುಂಗೈಯ ಎಲುಬಿಗೆ ಒಂದು ಗಟ್ಟಿ ಪಟ್ಟಿ ಹೋಗಿದೆ. ಎಲುಬಿಗೆ ಎಲುಬನ್ನು ಬಿಗಿದು ಹಿಡಿಯುವ ಇಂಥ ಪಟ್ಟಿಗೆ ಲಿಗಮೆಂಟ್ ಎನ್ನುತ್ತಾರೆ. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿ ಬೇರೆ, ಅದಕ್ಕೆ ಟೆಂಡನ್ ಎಂದು ಹೆಸರು. ಎರಡರ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಹಕ್ಕಿ ಕಾದವರಿಗೆ ಎಸೆಯುವುದು ಬರೀ ಕೈಯ ಕೆಲಸವಲ್ಲ ಎಂದು ಗೊತ್ತು. ಬಲ ಕಾಲಿನಿಂದ ಏಳುತ್ತದೆ, ಸೊಂಟ ತಿರುಗುತ್ತದೆ, ಭುಜ ಹಿಂದಕ್ಕೆ ಹೋಗಿ ಮುಂದೆ ಬರುತ್ತದೆ, ಕೊನೆಗೆ ಕಲ್ಲು ಹಾರುತ್ತದೆ. ಬೇಸ್‌ಬಾಲ್ ಎಸೆಯುವವನ ತೋಳು ಭುಜದಲ್ಲಿ ತಿರುಗುವ ವೇಗ ಸೆಕೆಂಡಿಗೆ ಸುಮಾರು 7,000 ಡಿಗ್ರಿ. ಆ ಗಳಿಗೆಯಲ್ಲಿ ಮುಂಗೈ ಹಿಂದೆ ಉಳಿದಿರುತ್ತದೆ, ಮೊಣಕೈ ಮುಂದೆ ನುಗ್ಗುತ್ತದೆ. ಒಳಮಗ್ಗುಲು ಬಾಯಿ ತೆರೆಯಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದು ಒಂದೆರಡು ಅಂಗುಲದ ಆ ಪಟ್ಟಿ ಮತ್ತು ಅದರ ಮೇಲಿನ ಮಾಂಸಖಂಡಗಳು.

ಕ್ರಿಕೆಟ್ ಬೌಲರುಗಳಿಗೆ ಈ ತೊಂದರೆ ಕಡಿಮೆ. ನಿಯಮದ ಪ್ರಕಾರ ಬೌಲಿಂಗ್ ಮಾಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ. ಆದರೆ ಬೌಂಡರಿಯಿಂದ ವಿಕೆಟ್ ಕೀಪರಿಗೆ ಚೆಂಡೆಸೆಯುವ ಫೀಲ್ಡರ್, ಜಾವೆಲಿನ್ ಎಸೆಯುವವರು, ಇವರಿಗೆಲ್ಲ ಬೇಸ್‌ಬಾಲಿನವರ ಅಪಾಯವೇ ಇರುತ್ತದೆ. ಈ ಗಾಯವನ್ನು ವೈದ್ಯರು ಮೊದಲು ಬರೆದಿಟ್ಟದ್ದೂ ಬೇಸ್‌ಬಾಲಿನವರಲ್ಲಿ ಅಲ್ಲ. 1946ರಲ್ಲಿ ಫಿನ್‌ಲ್ಯಾಂಡಿನ ವಾರಿಸ್ ಎಂಬ ಡಾಕ್ಟರು ಅಲ್ಲಿನ ಜಾವೆಲಿನ್ ಆಟಗಾರರ ಮೊಣಕೈ ನೋಡಿ ಬರೆದರು.

ಬರೆದಿಟ್ಟರೇನು, ಔಷಧಿ ಇರಲಿಲ್ಲ. ಲಿಗಮೆಂಟ್ ಪೂರ್ತಿ ಹರಿದರೆ ಆಟ ಮುಗಿದಂತೆಯೇ. ಊರಿಗೆ ಹೋಗಿ ಬೇರೆ ಕೆಲಸ ನೋಡಿಕೊಳ್ಳಬೇಕು. ಕೈ ಸತ್ತಿತು ಎಂದು ಆಟಗಾರರೇ ಹೇಳಿಕೊಂಡು ಸುಮ್ಮನಾಗುತ್ತಿದ್ದರು.

1974ರ ಸೆಪ್ಟೆಂಬರ್

ಟಾಮಿ ಜಾನ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ, ಆದರೆ ಮೊಣಕೈ ಮಡಚಿ ಎಸೆಯುವವನು. 1974ರ ಆ ಸೀಸನ್‌ನಲ್ಲಿ ಅವರು 13 ಪಂದ್ಯ ಗೆದ್ದು ಮೂರೇ ಮೂರು ಸೋತಿದ್ದರು. ವಯಸ್ಸು 31. ಜುಲೈ 17ರ ಪಂದ್ಯದಲ್ಲಿ ಒಂದು ಎಸೆತಕ್ಕೆ ಮೊಣಕೈಯಲ್ಲಿ ಏನೋ ಕಿತ್ತುಬಂದಂತಾಯಿತು. ಇನ್ನೊಂದು ಎಸೆದು ನೋಡಿದರು. ಆಗಲಿಲ್ಲ. ತಾವೇ ಮೈದಾನದಿಂದ ಹೊರಗೆ ನಡೆದರು.

ಇಲ್ಲಿ ಗಮನಿಸಿ, ಜೋಬ್ ಮರುದಿನವೇ ಚಾಕು ಹಿಡಿಯಲಿಲ್ಲ. ಮೊದಲು ವಾರಗಟ್ಟಲೆ ವಿಶ್ರಾಂತಿ ಕೊಟ್ಟರು. ಊತ ಇಳಿದ ಮೇಲೆ ಎಸೆದು ನೋಡಲು ಹೇಳಿದರು. ಎಸೆಯಲು ಸಾಧ್ಯವೇ ಇಲ್ಲ ಎಂದು ಖಾತ್ರಿಯಾದ ಮೇಲೆ ಮಾತ್ರ ಆಪರೇಷನ್ ಮಾತು ಬಂತು.

ಅವರ ತಲೆಯಲ್ಲಿದ್ದ ಯೋಚನೆ ಪೂರ್ತಿ ಹೊಸದಲ್ಲ. ಕೈ ಸರ್ಜನ್ನರು ಆಗಲೇ ಒಂದು ಕಡೆಯ ಟೆಂಡನ್ ತೆಗೆದು ಇನ್ನೊಂದು ಕಡೆ ಜೋಡಿಸುತ್ತಿದ್ದರು. ಪೋಲಿಯೋ ಆದವರ ಕೈಕಾಲುಗಳಿಗೆ ಈ ವಿದ್ಯೆ ಬಳಕೆಯಲ್ಲಿತ್ತು. ನಮ್ಮ ಪಕ್ಕದ ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಅವರು 1940ರ ದಶಕದ ಕೊನೆಯಿಂದಲೇ ಕುಷ್ಠರೋಗದಿಂದ ಬೆರಳು ಮುರುಟಿದವರಿಗೆ ಹೀಗೆ ಟೆಂಡನ್ ಬದಲಿಸಿ, ಆಮೇಲೆ ತಿಂಗಳುಗಟ್ಟಲೆ ಕೈಯನ್ನು ಹೊಸದಾಗಿ ಪಳಗಿಸಿ, ಮತ್ತೆ ಕೆಲಸ ಮಾಡುವಂತೆ ಮಾಡುತ್ತಿದ್ದರು. ಆದರೆ ಟೆಂಡನ್ನನ್ನು ಎಸೆಯುವ ಮೊಣಕೈಯಲ್ಲಿ ಲಿಗಮೆಂಟ್ ಜಾಗಕ್ಕೆ ಹಾಕಿ, ಮೇಲೆ ಗಂಟೆಗೆ 130-140 ಕಿಲೋಮೀಟರ್ ವೇಗದ ಎಸೆತದ ಭಾರ ಹೇರಿದರೆ ಅದು ನಿಲ್ಲುತ್ತದೆಯೇ? ಯಾರಿಗೂ ಗೊತ್ತಿರಲಿಲ್ಲ. ಜೋಬ್ ಟಾಮಿಗೆ ಹೇಳಿದ ಲೆಕ್ಕ ನೂರಕ್ಕೆ ಒಂದು. ಆಪರೇಷನ್ ಮಾಡಿಸದಿದ್ದರೆ ಆ ಒಂದೂ ಇಲ್ಲ. ಟಾಮಿ ಒಪ್ಪಿದರು.

1974ರ ಸೆಪ್ಟೆಂಬರ್ 25ರಂದು ಆಪರೇಷನ್ ನಡೆಯಿತು. ಜೊತೆಗೆ ಹರ್ಬರ್ಟ್ ಸ್ಟಾರ್ಕ್ ಎಂಬ ಕೈ ಸರ್ಜನ್ನರನ್ನು ಕರೆಸಿಕೊಂಡಿದ್ದರು. ಟಾಮಿಯ ಬಲ ಮುಂಗೈಯಿಂದ ಪಾಮಾರಿಸ್ ಲಾಂಗಸ್ ಎಂಬ ತೆಳ್ಳನೆಯ ಟೆಂಡನ್ ತೆಗೆದರು. ಎಡ ಮೊಣಕೈಯ ಎರಡೂ ಎಲುಬುಗಳಲ್ಲಿ ಸಣ್ಣ ತೂತು ಕೊರೆದು, ಇಂಗ್ಲಿಷಿನ 8ರ ಆಕಾರದಲ್ಲಿ ಅದನ್ನು ಪೋಣಿಸಿ ಬಿಗಿದರು.

ಈ ಪಾಮಾರಿಸ್ ನಿಮ್ಮ ಕೈಯಲ್ಲೂ ಇದೆಯೇ ನೋಡಿಕೊಳ್ಳಬಹುದು. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ, ಮಣಿಕಟ್ಟನ್ನು ಸ್ವಲ್ಪ ಒಳಗೆ ಬಾಗಿಸಿ. ಮಣಿಕಟ್ಟಿನ ನಡುವೆ ದಾರದಂತೆ ಎದ್ದು ಕಾಣುವುದೇ ಅದು. ಕಾಣದಿದ್ದರೆ ಗಾಬರಿ ಬೇಡ. ನೂರಕ್ಕೆ ಸುಮಾರು 15 ಜನರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಅವರ ಹಿಡಿತಕ್ಕೇನೂ ಕೊರತೆಯಿಲ್ಲ. ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ ಎಂಬ ಕಾರಣಕ್ಕೇ ಸರ್ಜನ್ನರು ಅದನ್ನು ಧೈರ್ಯವಾಗಿ ತೆಗೆಯುತ್ತಾರೆ.

ಕೈ ಮುರುಟಿಕೊಂಡಿತು

ಫಾರ್ವರ್ಡುಗಳಲ್ಲಿ ಈ ಭಾಗ ಎಂದೂ ಬರುವುದಿಲ್ಲ. ಆಪರೇಷನ್ ಆದ ಮೇಲೆ ಟಾಮಿಯ ಎಡಗೈ ಸರಿಹೋಗುವ ಬದಲು ಕೆಟ್ಟಿತು. ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿದು ಕೊಕ್ಕೆಯ ಹಾಗೆ ಬಾಗಿದವು. ಕೈಯೊಳಗಿನ ಮಾಂಸ ಸೊರಗಿತು.

ಮೊಣಕೈ ಗೋಡೆಗೆ ತಾಗಿದಾಗ ಕರೆಂಟ್ ಹೊಡೆದಂತೆ ಕಿರುಬೆರಳಿನವರೆಗೂ ಝುಮ್ ಎನ್ನುತ್ತದಲ್ಲ, ಅದು ಅಲ್ನಾರ್ ನರದ ಕೆಲಸ. ಆ ನರ ಹಾದುಹೋಗುವುದು ಈ ಲಿಗಮೆಂಟಿನ ಪಕ್ಕದಲ್ಲೇ. ಟಾಮಿಗೆ ಅದೇ ನರ ಸಿಕ್ಕಿಹಾಕಿಕೊಂಡಿತ್ತು. ಕುಷ್ಠರೋಗದಲ್ಲಿ ಬೆರಳು ಮುರುಟುವುದೂ ಇದೇ ನರ ಕೆಡುವುದರಿಂದ. 1974ರ ಡಿಸೆಂಬರಿನಲ್ಲಿ ಜೋಬ್ ಮತ್ತೆ ಆಪರೇಷನ್ ಮಾಡಿ ನರವನ್ನು ಬಿಡಿಸಿ ಬೇರೆ ಜಾಗಕ್ಕೆ ಸರಿಸಿದರು.

ಈಗ ಲೆಕ್ಕ ಹಾಕಿ. ಕೆಟ್ಟ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮೊಣಕೈಯಿಂದ ಬೆರಳಿಗೆ ಒಂದಡಿಗೂ ಹೆಚ್ಚು ದೂರ. ಅಂದರೆ ಒಂದು ವರ್ಷದ ಹಾದಿ. ಇದನ್ನು ಯಾವ ಮಾತ್ರೆಯೂ, ಯಾವ ಎಣ್ಣೆಯೂ ಓಡಿಸಲಾರದು. ನೂರಕ್ಕೆ ಒಂದು ಎಂದಿದ್ದ ಲೆಕ್ಕ ಅಲ್ಲಿಂದ ಇನ್ನೂ ಕೆಳಗಿಳಿದಂತೆ ಎಲ್ಲರಿಗೂ ಕಂಡಿರಬೇಕು.

1975ರ ಇಡೀ ಸೀಸನ್‌ನಲ್ಲಿ ಟಾಮಿ ತಂಡಕ್ಕಾಗಿ ಒಂದೂ ಪಂದ್ಯ ಆಡಲಿಲ್ಲ. ಆದರೆ ಮನೆಯಲ್ಲಿ ಮಲಗಲೂ ಇಲ್ಲ. ಮೊದಮೊದಲು ಬೆರಳು ಮಡಚಿ ಬಿಚ್ಚುವುದು, ಮೆತ್ತನೆಯ ಉಂಡೆ ಹಿಸುಕುವುದು. ಆಮೇಲೆ ಹತ್ತಿರದಿಂದ ಹಗುರಾಗಿ ಎಸೆಯುವುದು. ಎಸೆಯುವುದು, ಬಿಡುವು ಕೊಡುವುದು, ಮತ್ತೆ ಎಸೆಯುವುದು. ದಿನವೂ ಅದೇ, ಯಾರೂ ಚಪ್ಪಾಳೆ ತಟ್ಟದ ಕೆಲಸ. ತಂಡದ ಇನ್ನೊಬ್ಬ ಪಿಚರ್ ಮೈಕ್ ಮಾರ್ಷಲ್ ದೇಹದ ಚಲನೆಯ ವಿಜ್ಞಾನ ಓದುತ್ತಿದ್ದವರು. ಮೈ ತಿರುಚುವುದನ್ನು ಕಡಿಮೆ ಮಾಡಿ, ನೇರವಾಗಿ ಮುಂದೆ ಹೆಜ್ಜೆಯಿಟ್ಟು ಎಸೆಯುವ ಬೇರೆ ರೀತಿಯನ್ನು ಟಾಮಿಗೆ ಅವರು ಕಲಿಸಿದರು.

ಆಪರೇಷನ್ ಆಗಿ ಸುಮಾರು ಒಂದೂವರೆ ವರ್ಷಕ್ಕೆ, 1976ರ ಏಪ್ರಿಲಿನಲ್ಲಿ, ಟಾಮಿ ಜಾನ್ ಮತ್ತೆ ಮೈದಾನಕ್ಕೆ ಇಳಿದರು. ಆ ವರ್ಷ 10 ಗೆಲುವು, 10 ಸೋಲು. ಅದರ ಮರುವರ್ಷ 20 ಗೆಲುವು. 1989ರವರೆಗೆ, ತಮ್ಮ 46ನೇ ವಯಸ್ಸಿನವರೆಗೆ ಎಸೆದರು. ಒಟ್ಟು 288 ಗೆಲುವುಗಳಲ್ಲಿ 164 ಆಪರೇಷನ್ ಆದ ಮೇಲಿನವು.

ಹಾಗಾದರೆ ವೇಗ ಹೆಚ್ಚಿತ್ತಲ್ಲ ಎನ್ನುತ್ತೀರಾ? ಇಲ್ಲ. ಟಾಮಿ ಜಾನ್ ಎಂದೂ ವೇಗದ ಪಿಚರ್ ಆಗಿರಲಿಲ್ಲ, ಮೊದಲೂ ಅಲ್ಲ, ಆಮೇಲೂ ಅಲ್ಲ. ಬ್ಯಾಟಿನ ಹತ್ತಿರ ಬಂದು ಕೆಳಗಿಳಿಯುವ ಚೆಂಡು ಮತ್ತು ಗುರಿ, ಇವೇ ಅವರ ಬಂಡವಾಳ. ವೇಗ ಹೆಚ್ಚಿಸುವ ಆಪರೇಷನ್ ಎಂದು ಊರೂರು ಸುತ್ತುವ ಸುದ್ದಿಗೆ ಹೆಸರು ಕೊಟ್ಟವರೇ ವೇಗದಿಂದ ಗೆದ್ದವರಲ್ಲ!

ಕಾದು ನೋಡಿದ ಡಾಕ್ಟರು

ಇನ್ನೊಬ್ಬರಾಗಿದ್ದರೆ ಪತ್ರಿಕೆಗಳಲ್ಲಿ ಹೆಸರು ಬಂದಾಗಲೇ ಸಾಲುಗಟ್ಟಿ ಆಪರೇಷನ್ ಮಾಡುತ್ತಿದ್ದರು. ಟಾಮಿ ಮರಳಿ ಬಂದು ಎಸೆಯುವುದನ್ನು ನೋಡುವವರೆಗೂ ಜೋಬ್ ಇನ್ನೊಬ್ಬರ ಮೊಣಕೈಗೆ ಈ ಆಪರೇಷನ್ ಮಾಡಲಿಲ್ಲ. ತಮ್ಮ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು 1986ರಲ್ಲಿ, ಮೊದಲ ಆಪರೇಷನ್ ಆಗಿ 12 ವರ್ಷಕ್ಕೆ. ಅದರಲ್ಲಿ 16 ಎಸೆತಗಾರರ ಲೆಕ್ಕವಿತ್ತು. ಮೊದಲಿನ ಮಟ್ಟಕ್ಕೆ ಮರಳಿದವರು 10 ಜನ. ಉಳಿದ ಆರು ಜನರದ್ದನ್ನೂ ಮುಚ್ಚಿಡದೆ ಬರೆದರು. ಈ ಲೇಖನದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ ಇದು. ಫಾರ್ವರ್ಡ್ ಬರೆಯುವವರು ಆ ಆರು ಜನರನ್ನು ಬಿಟ್ಟುಬಿಡುತ್ತಾರೆ.

ಆ ಮಧ್ಯದ ವರ್ಷಗಳಲ್ಲಿ ಜೋಬ್ ಇನ್ನೊಂದು ಕೆಲಸ ಮಾಡಿದರು, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಎಸೆಯುವಾಗ ಯಾವ ಮಾಂಸಖಂಡ ಯಾವ ಗಳಿಗೆಯಲ್ಲಿ ಕೆಲಸ ಮಾಡುತ್ತದೆ ಎಂದು ಅಳೆಯಲು ಪ್ರಯೋಗಾಲಯ ಕಟ್ಟಿದರು. ಕೂದಲಿನಂಥ ತಂತಿಗಳನ್ನು ಮಾಂಸಖಂಡದೊಳಗೆ ಇಳಿಸಿ, ಆಟಗಾರ ಎಸೆಯುತ್ತಿರುವಾಗಲೇ ಅದರ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. ಈ ಕೆಲಸದಲ್ಲಿ ಜೊತೆಯಾದವರಲ್ಲಿ ಡಾಕ್ಟರ್ ಜಾಕ್ವೆಲಿನ್ ಪೆರ್ರಿ ಒಬ್ಬರು. ಅವರು ಡಾಕ್ಟರಾಗುವ ಮೊದಲು ಸೈನ್ಯದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದವರು, ಪೋಲಿಯೋ ರೋಗಿಗಳ ಪುನಶ್ಚೇತನದಲ್ಲಿ ಹೆಸರಾದವರು. ಅಲ್ಲಿ ಸಿಕ್ಕ ತಿಳಿವಳಿಕೆಯಿಂದ, ಭುಜದ ಸಣ್ಣ ಸಣ್ಣ ಮಾಂಸಖಂಡಗಳನ್ನು ಹಗುರ ತೂಕದಿಂದ ಬಲಪಡಿಸುವ ವ್ಯಾಯಾಮಗಳು ಹುಟ್ಟಿದವು. ಭುಜನೋವಿಗೆಂದು ನೀವು ಇಂದು ಫಿಸಿಯೋಥೆರಪಿಗೆ ಹೋದರೂ ಅವುಗಳಲ್ಲಿ ಒಂದೆರಡನ್ನು ಮಾಡಿಸಿಯೇ ಕಳಿಸುತ್ತಾರೆ. ಭುಜ ಪರೀಕ್ಷಿಸುವ ಒಂದು ವಿಧಾನಕ್ಕೆ ಜೋಬ್ ಅವರದೇ ಹೆಸರಿದೆ.

ಆ ಒಂದು ವರ್ಷದಲ್ಲಿ ಒಳಗೆ ಏನು ನಡೆಯುತ್ತದೆ?

ಹೊಸದಾಗಿ ಹಾಕಿದ ಟೆಂಡನ್ ಮೊದಲ ದಿನ ಜೀವವಿಲ್ಲದ ಹಗ್ಗ. ಅದರ ರಕ್ತನಾಳ ಕಡಿದುಹೋಗಿರುತ್ತದೆ. ನಿಧಾನವಾಗಿ ಸುತ್ತಲಿನಿಂದ ಹೊಸ ರಕ್ತನಾಳ ಹರಿದು, ಹೊಸ ಜೀವಕೋಶಗಳು ಒಳಗೆ ಸೇರಿ, ನಾರುಗಳು ಮರುಜೋಡಣೆಯಾಗಿ, ಅದು ಲಿಗಮೆಂಟಿನ ಗುಣ ಪಡೆಯುತ್ತದೆ. ಇದಕ್ಕೆ ಹೆಚ್ಚು ಕಡಿಮೆ ಒಂದು ವರ್ಷ ಬೇಕು. ನೋವು ಮಾತ್ರ ಎರಡು ಮೂರು ತಿಂಗಳಿಗೇ ಹೋಗುತ್ತದೆ. ಮೋಸ ಹೋಗುವುದು ಅಲ್ಲೇ. ನೋವಿಲ್ಲ, ಕೈ ಸರಿಹೋಯಿತು ಎಂದು ಎಸೆದವನ ಕೈಯೊಳಗೆ ಹಗ್ಗ ಇನ್ನೂ ಹಸಿ.

ಈಗಿನ ಡಾಕ್ಟರುಗಳು ಅನುಸರಿಸುವ ಕ್ರಮ ಸುಮಾರಾಗಿ ಹೀಗಿದೆ. ಮೊದಲ ವಾರ ಮೊಣಕೈ ಮಡಚಿಟ್ಟು ಪಟ್ಟಿ. ಬೆರಳು, ಮಣಿಕಟ್ಟು ಮಾತ್ರ ಆಡಿಸುವುದು. ಆಮೇಲೆ ಎಷ್ಟು ಬಾಗಬೇಕು ಎಂದು ಡಾಕ್ಟರು ತಿರುಪು ಹಾಕಿ ನಿಗದಿ ಮಾಡುವ ಬ್ರೇಸ್. ಆರು ವಾರದ ಹೊತ್ತಿಗೆ ಕೈ ಪೂರ್ತಿ ನೀಡುವಂತಾಗಬೇಕು. ಅಲ್ಲಿಂದ ಹಗುರ ತೂಕ, ರಬ್ಬರ್ ಪಟ್ಟಿ ಎಳೆಯುವುದು. ಭುಜ, ಬೆನ್ನು, ಸೊಂಟ, ಕಾಲಿನ ವ್ಯಾಯಾಮ ಇದರ ಜೊತೆಗೇ ನಡೆಯಬೇಕು. ಕೈ ಕಟ್ಟಿದೆ ಎಂದು ಕಾಲು ಸುಮ್ಮನಿರಬೇಕಿಲ್ಲವಲ್ಲ.

ಚೆಂಡು ಕೈಗೆ ಬರುವುದು ನಾಲ್ಕೈದು ತಿಂಗಳಾದ ಮೇಲೆ. ಅದೂ 45 ಅಡಿಯಿಂದ, ಅಂದರೆ ಕ್ರಿಕೆಟ್ ಪಿಚ್ಚಿನ ಉದ್ದಕ್ಕಿಂತಲೂ ಕಡಿಮೆ ದೂರದಿಂದ, ಚೆಂಡು ಕಮಾನಿನಂತೆ ಹಾರುವ ಹಾಗೆ ಮೆಲ್ಲಗೆ. ಎಣಿಸಿ ಎಸೆಯಬೇಕು. ಒಂದು ದಿನ ಎಸೆದರೆ ಮರುದಿನ ಬಿಡುವು. ನೋವಿಲ್ಲದಿದ್ದರೆ 60 ಅಡಿ, ಆಮೇಲೆ 90, 120, ಹೀಗೆ 180 ಅಡಿಯವರೆಗೆ. ನೋವು ಬಂತೋ, ಒಂದು ಮೆಟ್ಟಿಲು ಕೆಳಗೆ. ಪೂರ್ತಿ ಬಲ ಹಾಕಿ ಎಸೆಯಲು ಒಂಬತ್ತು ತಿಂಗಳ ಸುಮಾರು. ಪಂದ್ಯಕ್ಕೆ 12ರಿಂದ 18 ತಿಂಗಳು. ಟಾಮಿ ಜಾನ್ ಆಗಿ ಐವತ್ತು ವರ್ಷ ಕಳೆದಿದೆ, ಸೂಜಿ ದಾರ ಎಲ್ಲ ಬದಲಾಗಿದೆ, ಆದರೆ ಈ ಕಾಯುವ ಕಾಲ ಹೆಚ್ಚೇನೂ ಕುಗ್ಗಿಲ್ಲ.

ನಮ್ಮ ಕಡೆಯ ಒಂದು ಉದಾಹರಣೆ ಹೇಳಬೇಕು. ಜಾವೆಲಿನ್ ಎಸೆಯುವ ನೀರಜ್ ಚೋಪ್ರಾ ಅವರಿಗೆ 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಬಲ ಮೊಣಕೈ ಆಪರೇಷನ್ ಆಯಿತು. ಅದು ಲಿಗಮೆಂಟಿನದಲ್ಲ, ಕೀಲಿನೊಳಗಿನ ಎಲುಬಿನ ತೊಂದರೆಗೆ ಮಾಡಿದ್ದು. ಹಾಗಾಗಿ ಟಾಮಿ ಜಾನ್‌ನಷ್ಟು ಕಾಯಬೇಕಾಗಿರಲಿಲ್ಲ. ಆದರೂ ಅವರು ತಿಂಗಳುಗಟ್ಟಲೆ ಪುನಶ್ಚೇತನ ಮಾಡಿದರು, ಅದೂ ರಾಯಚೂರಿನಿಂದ ಪಕ್ಕದ ಬಳ್ಳಾರಿ ಜಿಲ್ಲೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ತೋರಣಗಲ್ಲು ಸ್ಟೀಲ್ ಕಾರ್ಖಾನೆ ಗೊತ್ತಲ್ಲ, ಅದರ ಹತ್ತಿರ. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಮರಳಿದರು. ಟೋಕಿಯೋದ ಚಿನ್ನ ಬಂದದ್ದು 2021ರ ಆಗಸ್ಟ್ 7ರಂದು, ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ನಡುವಿನ ಆ ತಿಂಗಳುಗಳನ್ನು ಯಾರೂ ಟಿವಿಯಲ್ಲಿ ತೋರಿಸಲಿಲ್ಲ.

ಹಾಗಾದರೆ ವೇಗದ ಸುದ್ದಿ ಹುಟ್ಟಿದ್ದೆಲ್ಲಿ?

ಇದು ನಮ್ಮಲ್ಲಿ ಮಾತ್ರ ಇರುವ ಸುಳ್ಳಲ್ಲ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಗಾಯವಿಲ್ಲದಿದ್ದರೂ ಆಟ ಸುಧಾರಿಸಲು ಈ ಆಪರೇಷನ್ ಮಾಡಿಸಬಹುದು ಎಂದು ಹೈಸ್ಕೂಲ್ ಆಟಗಾರರಲ್ಲಿ ಅರ್ಧದಷ್ಟು ಜನ ನಂಬಿದ್ದರು. ಕೋಚ್‌ಗಳಲ್ಲೂ, ಅಪ್ಪ ಅಮ್ಮಂದಿರಲ್ಲೂ ಮೂವರಲ್ಲಿ ಒಬ್ಬರ ಸುಮಾರು ಹಾಗೇ ಅಂದುಕೊಂಡಿದ್ದರು.

ಕಾರಣ ಕಷ್ಟದ್ದಲ್ಲ. ಲಿಗಮೆಂಟ್ ಸಾಮಾನ್ಯವಾಗಿ ಒಂದೇ ದಿನ ಹರಿಯುವುದಿಲ್ಲ. ನೂಲು ನೂಲಾಗಿ ಸವೆದು, ಆಪರೇಷನ್ನಿಗೆ ಮೊದಲಿನ ಒಂದೆರಡು ವರ್ಷ ಆಟಗಾರ ಆಗಲೇ ವೇಗ ಕಳೆದುಕೊಂಡಿರುತ್ತಾನೆ. ಆಮೇಲೆ ಒಂದು ವರ್ಷ ಪಂದ್ಯವಿಲ್ಲದೆ ಭುಜ, ಕಾಲು, ಸೊಂಟ ಗಟ್ಟಿ ಮಾಡಿಕೊಳ್ಳುತ್ತಾನೆ. ಎಸೆಯುವ ರೀತಿ ತಿದ್ದಿಕೊಳ್ಳುತ್ತಾನೆ. ಹದಿನೆಂಟರ ಹುಡುಗನಾದರೆ ಆ ಒಂದು ವರ್ಷದಲ್ಲಿ ಮೈಯೂ ಬೆಳೆದಿರುತ್ತದೆ. ಮರಳಿ ಬಂದಾಗ ಸೋತಿದ್ದ ಕೈಗಿಂತ ಜೋರಾಗಿ ಎಸೆಯುತ್ತಾನೆ. ನೋಡಿದವರು ಹೊಗಳುವುದು ಹೊಲಿಗೆಯ ಗುರುತನ್ನು. ವೃತ್ತಿಪರ ಪಿಚರುಗಳ ಎಸೆತ ಅಳೆದು ನೋಡಿದ ಅಧ್ಯಯನಗಳಲ್ಲಿ ಆಪರೇಷನ್ನಿನಿಂದ ಸರಾಸರಿ ವೇಗ ಹೆಚ್ಚಿದ್ದು ಕಂಡಿಲ್ಲ. ಚೆನ್ನಾಗಿ ಪುನಶ್ಚೇತನ ಮಾಡಿದ ಮೇಲೂ ಮೊದಲಿನ ಮಟ್ಟಕ್ಕೆ ಮರಳುವವರು ನೂರಕ್ಕೆ ಸುಮಾರು 80. ಐವರಲ್ಲಿ ಒಬ್ಬ ಮರಳುವುದಿಲ್ಲ. ನೋವಿಲ್ಲದ ಕೈಯನ್ನು ಈ ಜೂಜಿಗೆ ಒಡ್ಡುವವರು ಯಾರು?

ನಮ್ಮ ಹುಡುಗರಿಗೆ ಎರಡು ಮಾತು

ಮೊದಲನೆಯದು, ದಣಿದ ಕೈಯಿಂದ ಎಸೆಯುವುದು. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕೈ ಸೋತಿದ್ದರೂ ಪದೇ ಪದೇ ಎಸೆದ ಹುಡುಗರಿಗೆ ಆಪರೇಷನ್ ಬೇಕಾಗುವ ಗಾಯದ ಸಂಭವ 36 ಪಟ್ಟು ಹೆಚ್ಚಿತ್ತು. ಒಂದೇ ದಿನ ಮೂರು ಟೆನಿಸ್ ಬಾಲ್ ಪಂದ್ಯ, ಮೂರರಲ್ಲೂ ಬೌಂಡರಿ ಕಾಯುವುದು ಒಬ್ಬನೇ, ಇದನ್ನು ನಾವು ಪ್ರತಿ ಬೇಸಿಗೆ ನೋಡುತ್ತೇವೆ. ಹತ್ತು ಹದಿನಾಲ್ಕರ ಮಕ್ಕಳಲ್ಲಿ ಇನ್ನೂ ಹುಷಾರು. ಅವರ ಮೊಣಕೈಯಲ್ಲಿ ಎಲುಬು ಬೆಳೆಯುವ ಮೃದು ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಲಿಗಮೆಂಟಿಗಿಂತ ಮೊದಲು ಕೆಡುವುದು ಅದು.

ಎರಡನೆಯದು, ತಿಕ್ಕುವುದು. ಮೊಣಕೈಗೆ ಪೆಟ್ಟಾದ ಮೇಲೆ ಬಿಸಿ ಎಣ್ಣೆ ಹಾಕಿ ಜೋರಾಗಿ ನೀವಿಸುವುದು, ಮಡಚದ ಕೈಯನ್ನು ಬಲವಂತವಾಗಿ ಎಳೆಸುವುದು ನಮ್ಮ ಕಡೆ ರೂಢಿ. ಪುತ್ತೂರು ಕಟ್ಟು ಎಂಬ ಬೋರ್ಡು ಎಲ್ಲ ಊರಲ್ಲೂ ಇದೆ. ಹಚ್ಚುವವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ದೇಹದ ಎಲ್ಲ ಕೀಲುಗಳಲ್ಲಿ ಮೊಣಕೈ ಬಲು ಮುನಿಸಿನದು. ಪೆಟ್ಟಾದ ಮೊಣಕೈಯನ್ನು ತಿಕ್ಕಿದರೆ ಸುತ್ತಲಿನ ಮಾಂಸದೊಳಗೆ ಎಲುಬು ಬೆಳೆದು ಕೀಲು ಬಿಗಿದುಬಿಡುತ್ತದೆ. ಆಮೇಲೆ ಎಸೆಯುವುದಿರಲಿ, ಊಟದ ತುತ್ತು ಬಾಯಿಗೆ ತರುವುದೇ ಕಷ್ಟ. ಎಸೆದಾಗ ಒಳಮಗ್ಗುಲು ನೋಯುತ್ತಿದ್ದರೆ ಎಸೆಯುವುದು ನಿಲ್ಲಿಸಿ. ಕಿರುಬೆರಳು ಜೋಮು ಹಿಡಿಯುತ್ತಿದ್ದರೆ, ಅಥವಾ ಏನೋ ಪಟ್ ಎಂದು ಹರಿದಂತಾಗಿದ್ದರೆ, ರಾಯಚೂರಿನ ರಿಮ್ಸ್‌ನಂಥ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ತಡಮಾಡದೆ ತೋರಿಸಿ. ಅರೆಬರೆ ಹರಿದ ಲಿಗಮೆಂಟು ಎಷ್ಟೋ ಸಲ ವಿಶ್ರಾಂತಿ ಮತ್ತು ಫಿಸಿಯೋಥೆರಪಿಯಲ್ಲೇ ಸುಧಾರಿಸುತ್ತದೆ. ಚಾಕು ಕೊನೆಯ ದಾರಿ. ಜೋಬ್ ಅವರೂ ಮೊದಲು ಮಾಡಿದ್ದು ಅದನ್ನೇ.

ಖರ್ಚು ಕೇಳಿದ್ದ ನಮ್ಮ ಹುಡುಗ ಡಾಕ್ಟರಿಗೆ ತೋರಿಸಿದ. ಎರಡು ತಿಂಗಳು ಎಸೆಯಬೇಡ ಎಂದರಂತೆ. ಈ ಸಲದ ಟೂರ್ನಮೆಂಟಿನಲ್ಲಿ ಸ್ಕೋರ್ ಬರೆಯುತ್ತ ಕೂತಿದ್ದ, ಮುಖ ಸಪ್ಪಗೆ ಮಾಡಿಕೊಂಡು.

ಜೋಬ್ ಅವರ ಕೊನೆಯ ವರ್ಷಗಳು

1990ರಲ್ಲಿ ಡಾಡ್ಜರ್ಸ್‌ನ ಇನ್ನೊಬ್ಬ ದೊಡ್ಡ ಪಿಚರ್ ಓರಲ್ ಹರ್ಷೈಸರ್ ಅವರ ಭುಜವನ್ನು ಜೋಬ್ ಹೊಸ ವಿಧಾನದಲ್ಲಿ ಸರಿಪಡಿಸಿದರು. ಭುಜ ಕೆಟ್ಟರೆ ಮೊಣಕೈಗಿಂತ ಕಷ್ಟ ಎಂದು ಆಗ ಎಲ್ಲರೂ ಕೈಚೆಲ್ಲಿದ್ದರು. ಹರ್ಷೈಸರ್ ಒಂದು ವರ್ಷದ ಪುನಶ್ಚೇತನದ ನಂತರ 1991ರ ಮೇ ತಿಂಗಳಲ್ಲಿ ಮರಳಿ, 2000ದವರೆಗೂ ಆಡಿದರು. ಜೋಬ್ ಗಾಲ್ಫ್ ಆಟಗಾರರಿಗೂ ವೈದ್ಯರಾಗಿದ್ದರು. ಅವರ ಬಳಿ ಕಲಿತ ಡಾಕ್ಟರುಗಳು ದೇಶವೆಲ್ಲ ಹರಡಿದರು. ಅವರ ಆಪರೇಷನ್ನನ್ನು ಬೇರೆಯವರು ತಿದ್ದಿದರು. ಮಾಂಸಖಂಡವನ್ನು ಕತ್ತರಿಸದೆ ಸೀಳಿ ಒಳಹೋಗುವುದು, ನರವನ್ನು ಅದರ ಪಾಡಿಗೆ ಬಿಡುವುದು ಬಂದ ಮೇಲೆ ಟಾಮಿಗೆ ಆದಂಥ ತೊಂದರೆ ಬಹಳ ಕಡಿಮೆಯಾಯಿತು.

2013ರ ಜುಲೈನಲ್ಲಿ, ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್ 88 ವರ್ಷದ ಜೋಬ್ ಅವರನ್ನು ಸನ್ಮಾನಿಸಿತು. ಸಭೆಯಲ್ಲಿ ಟಾಮಿ ಜಾನ್ ಕೂಡ ಇದ್ದರು. ಜೋಬ್ 2014ರ ಮಾರ್ಚ್ 6ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ತೀರಿಕೊಂಡರು. ಆ ಹೊತ್ತಿಗೆ ನೂರಾರು ವೃತ್ತಿಪರ ಪಿಚರುಗಳ ಮೊಣಕೈಗೆ ಅವರು ಕಂಡುಹಿಡಿದ ಆಪರೇಷನ್ ಆಗಿತ್ತು, ಒಬ್ಬೊಬ್ಬರೂ ಒಂದೊಂದು ವರ್ಷ ಹೊರಗೆ ಕೂತಿದ್ದರು.